ಹತ್ತರಲ್ಲಿ ಮಾತಾಡುತ್ತಿದ್ದ ಕೋಣೆ

ನನ್ನ ಕೆಲಸ ಏನೆಂದು ಕಂಪ್ಲಿಯಲ್ಲಿ ಯಾರಾದರೂ ಕೇಳಿದರೆ ನಮ್ಮವ್ವ, "ವೈರ್ ಜೋಡಸ್ತಾಳ್ರಿ" ಅನ್ನುತ್ತಾಳೆ. ಅದು ತಪ್ಪೇನಲ್ಲ. ಹೊಸಪೇಟೆಯ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಹಂಪಿಯ ಲಾಡ್ಜು, ಕಂಪ್ಲಿಯ ರೈಸ್ ಮಿಲ್ಲು, ಸಂಡೂರಿನ ಕಡೆ ಲಾರಿ ತೂಗುವ ವೇಬ್ರಿಡ್ಜು, ಹೀಗೆ ಎಲ್ಲೆಲ್ಲಿ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಬೇಕೋ ಅಲ್ಲಿಗೆ ಹೋಗಿ ತಂತಿ ಎಳೆದು ಕೊಡುತ್ತೇವೆ. ಜೊತೆಗೆ ಬರುವವರು ಚಾಚಾ. ನಮ್ಮಪ್ಪನಿಗಿಂತ ಹಿರಿಯರು. ವ್ಯಾನು ಓಡಿಸುವವರೂ ಅವರೇ, ಏಣಿ ಹತ್ತುವವರೂ ಅವರೇ.

ಆ ಮಳೆಗಾಲದಲ್ಲಿ ಯಶವಂತನಗರದ ಆಚೆ ಒಂದು ಗಣಿಯ ಕೆಲಸ ಬಂತು. ಗಣಿ ಮುಚ್ಚಿ ವರ್ಷಗಳಾಗಿದ್ದವು. ಈಗ ಹೊಸ ಮಾಲೀಕರು ಕೊಂಡು ಮತ್ತೆ ತೆರೆಯುವ ತಯಾರಿಯಲ್ಲಿದ್ದರು. ಹಳೆಯ ಆಫೀಸಿಗೆ ಹೊಸ ನೆಟ್‌ವರ್ಕ್ ಹಾಕಿಕೊಡಬೇಕಿತ್ತು.

ನಾವು ಹೋದಾಗ ಗೇಟಿನಲ್ಲಿ ವಾಚ್‌ಮನ್ ಒಬ್ಬನೇ ಇದ್ದ. ಒಳಗೆ ಎಲ್ಲವೂ ಕೆಂಪು. ಮೇಜು, ಕುರ್ಚಿ, ಫ್ಯಾನಿನ ರೆಕ್ಕೆ, ಗೋಡೆಯ ಮೇಲಿನ ಹಳೆ ಕ್ಯಾಲೆಂಡರು, ಎಲ್ಲದರ ಮೇಲೂ ಅದಿರಿನ ಧೂಳು ಕೂತು ತೇವಕ್ಕೆ ಅಂಟಿಕೊಂಡಿತ್ತು. ಕಂಪ್ಯೂಟರುಗಳನ್ನೆಲ್ಲ ಯಾವತ್ತೋ ಹೊತ್ತುಕೊಂಡು ಹೋಗಿದ್ದರು. ಮೂಲೆಯ ಬೀರುವಿನೊಳಗೆ ಹಳೆಯ ಸ್ವಿಚ್ಚು ಮಾತ್ರ ಉಳಿದಿತ್ತು. ಸ್ವಿಚ್ಚು ಅಂದರೆ ದೀಪದ್ದಲ್ಲ. ಆಫೀಸಿನ ಎಲ್ಲ ಕಂಪ್ಯೂಟರುಗಳ ತಂತಿ ಬಂದು ಸೇರುವ ಪೆಟ್ಟಿಗೆ. ಯಾರೂ ಆರಿಸದೆ ಹೋಗಿದ್ದರಿಂದ ಅದು ಇನ್ನೂ ಉರಿಯುತ್ತಿತ್ತು.

ಮಾಳಿಗೆಯ ಮೇಲಿನ ಹಳೆ ಆಂಟೆನಾದ್ದೊಂದು ಬಿಟ್ಟರೆ ತಂತಿಗಳು ಸಿಕ್ಕಿಸಿದ್ದ ತೂತುಗಳೆಲ್ಲ ಕತ್ತಲಾಗಿದ್ದವು. ಆಚೆ ತುದಿಯಲ್ಲಿ ಯಾರೂ ಇಲ್ಲದಿದ್ದರೆ ದೀಪ ಹತ್ತುವುದಿಲ್ಲ. ಆದರೆ ಇನ್ನೊಂದು ತೂತಿನ ಪಕ್ಕದಲ್ಲಿ ಸಣ್ಣ ಹಳದಿ ದೀಪ ಹತ್ತಿತ್ತು.

"ಚಾಚಾ, ಇಲ್ಲಿ ಬೇರೆ ಯಾವ್ದಾರ ಕಂಪ್ಯೂಟರ್ ಐತೇನು?"

ಅವರು ವಾಚ್‌ಮನ್‌ನ ಮುಖ ನೋಡಿದರು. ಅವನು ತಲೆ ಅಲ್ಲಾಡಿಸಿದ. "ಒಂದೂ ಇಲ್ರಿ ಮೇಡಂ. ಎಲ್ಲಾ ಒಯ್ದಾರ. ಈ ಕಂಪೌಂಡಿನ್ಯಾಗ ಈಗ ನಾವು ಲೈನ್ ಮನ್ಯಾಗಿನ ಮಂದಿ ಬಿಟ್ರ ಯಾರೂ ಇಲ್ಲ."

ನಾನು ಆ ತಂತಿಯನ್ನು ಸ್ವಿಚ್ಚಿನಿಂದ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನಲ್ಲೂ ದೀಪ ಹತ್ತಿತು.

ಇಲ್ಲಿ ನನ್ನ ಕಸುಬಿನ ಒಂದು ಸಂಗತಿ ಹೇಳಬೇಕು. ತಂತಿ ಸಿಕ್ಕಿಸಿದ ಕೂಡಲೇ ಎರಡು ಯಂತ್ರಗಳು ಕೆಲಸದ ಮಾತಿಗೆ ಇಳಿಯುವುದಿಲ್ಲ. ಮೊದಲು ಒಂದಕ್ಕೊಂದು ತಮ್ಮ ಪರಿಚಯ ಹೇಳಿಕೊಳ್ಳುತ್ತವೆ. ಕಂಪ್ಯೂಟರಿನ ಒಳಗೆ ಡ್ರೈವರ್ ಅನ್ನುವ ಸಣ್ಣ ಪ್ರೋಗ್ರಾಮು ಇರುತ್ತದೆ. ಅದು ತನ್ನ ನೆಟ್‌ವರ್ಕ್ ಕಾರ್ಡಿನ ಚಿಪ್ಪನ್ನು, ನಿನಗೆ ಯಾವ ಯಾವ ವೇಗ ಗೊತ್ತು ಅಂತ ಕೇಳುತ್ತದೆ. ಹತ್ತು, ನೂರು, ಸಾವಿರ ಅಂತ ಚಿಪ್ಪು ಹೇಳುತ್ತದೆ. ಮೆಗಾಬಿಟ್ ಲೆಕ್ಕ ಅದು. ಅದರಲ್ಲಿ ಯಾವುದನ್ನು ಹೊರಗೆ ಸಾರಬೇಕು, ಯಾವುದನ್ನು ಮುಚ್ಚಿಡಬೇಕು ಅಂತ ಡ್ರೈವರ್ ತೀರ್ಮಾನಿಸುತ್ತದೆ. ಆಮೇಲೆ ಕಾರ್ಡು ತಂತಿಯ ಮೇಲೆ ಸಣ್ಣ ಸಣ್ಣ ಮಿಡಿತಗಳಲ್ಲಿ ಅದನ್ನು ಸಾರುತ್ತದೆ. ಆಚೆಯದೂ ತನ್ನದನ್ನು ಸಾರುತ್ತದೆ. ಎರಡಕ್ಕೂ ಗೊತ್ತಿರುವ ದೊಡ್ಡ ವೇಗ ಯಾವುದೋ ಅದರಲ್ಲಿ ಮಾತು ಶುರುವಾಗುತ್ತದೆ. ಆಚೆಯವರು ಏನು ಸಾರಿದರು ಅನ್ನುವುದನ್ನು ಒಂದು ಆಜ್ಞೆ ಕೊಟ್ಟರೆ ಪರದೆಯ ಮೇಲೆ ಓದಬಹುದು.

ನಾನು ಓದಿದೆ. ನನ್ನ ಲ್ಯಾಪ್‌ಟಾಪು ಹತ್ತು, ನೂರು, ಸಾವಿರ ಮೂರನ್ನೂ ಹೇಳಿತ್ತು. ಆಚೆ ತುದಿಯಲ್ಲಿದ್ದದ್ದು ಹೇಳಿದ್ದು ಒಂದೇ. ಹತ್ತು.

ಈಗಿನ ಕಾಲದಲ್ಲಿ ಹತ್ತನ್ನು ಮಾತ್ರ ಬಲ್ಲ ಯಂತ್ರ ಎಲ್ಲಿರುತ್ತದೆ? ನಾನು ಮಾತಾಡಿಸಿ ನೋಡಿದೆ. ಬೇರೆ ಬೇರೆ ರೀತಿಯಲ್ಲಿ ಕರೆದೆ. ಉತ್ತರ ಬರಲಿಲ್ಲ. ಯಾರೋ ಬಾಗಿಲ ಹಿಂದೆ ನಿಂತು ಉಸಿರಾಡುತ್ತಿದ್ದಾರೆ, ಕರೆದರೆ ಓಗೊಡುತ್ತಿಲ್ಲ, ಹಾಗಿತ್ತು.

ಚಾಚಾ ನಕ್ಕರು. "ಬೇಟಿ, ಹಂಪಿ ಲಾಡ್ಜಿನ್ಯಾಗ ಆಗಿತ್ತಲ್ಲ, ಹಂಗ ಇರ್ಬೇಕು. ಇಲಿ ಕಡಿದು ತಂತಿ ತಂತಿ ಕೂಡಿರ್ತಾವು. ನಿನ್ನ ಧ್ವನಿ ನಿನಗ ವಾಪಸ್ ಬರ್ತೈತಿ."

ಹಂಪಿಯ ಒಂದು ಲಾಡ್ಜಿನಲ್ಲಿ ಹಾಗೇ ಆಗಿತ್ತು. ಹರಿದ ತಂತಿಯ ಎಳೆಗಳು ತಾವು ತಾವೇ ಕೂಡಿಕೊಂಡು, ನಮ್ಮ ಯಂತ್ರ ಸಾರಿದ್ದು ನಮಗೇ ತಿರುಗಿ ಕೇಳಿಸಿತ್ತು. ಖಾಲಿ ಮಂಟಪದಲ್ಲಿ ಕೂಗಿದ ಹಾಗೆ.

"ಇಲ್ಲ ಚಾಚಾ. ಪ್ರತಿಧ್ವನಿ ಆಗಿದ್ರೆ ನಾನು ಹೇಳಿದ್ದೆಲ್ಲಾ ವಾಪಸ್ ಬರ್ಬೇಕಿತ್ತು. ನಾ ಮೂರು ಹೇಳೀನಿ. ಇದು ಒಂದ ಹೇಳಾಕತ್ತೈತಿ. ಇದು ಬೇರೆಯವರ ಮಾತು."

ಅವರ ನಗು ನಿಂತಿತು.

ತಂತಿಯನ್ನು ಮತ್ತೆ ಸ್ವಿಚ್ಚಿಗೆ ಸಿಕ್ಕಿಸಿ, ಆ ತೂತಿನಲ್ಲಿ ಏನಾಗುತ್ತದೆ ಅನ್ನುವುದು ಲ್ಯಾಪ್‌ಟಾಪಿನಲ್ಲಿ ಕಾಣುವಂತೆ ಮಾಡಿ ನಾವು ಬೇರೆ ಕೆಲಸಕ್ಕೆ ಕೈಹಾಕಿದೆವು. ಬೆಳಿಗ್ಗೆಯೆಲ್ಲ ತುಂತುರು ಇದ್ದು ಮಧ್ಯಾಹ್ನದ ಹೊತ್ತಿಗೆ ಚುರುಕು ಬಿಸಿಲು ಬಂತು. ರೊಟ್ಟಿ ಬಿಚ್ಚಿ ಕೂತಿದ್ದೆವು. ಬೀರುವಿನೊಳಗೆ ದೀಪ ಆರಿತು. ನಾನು ನೋಡುತ್ತಿದ್ದ ಹಾಗೆಯೇ ಮತ್ತೆ ಹತ್ತಿತು. ಈ ಸಲ ಹಸಿರು.

ಲ್ಯಾಪ್‌ಟಾಪಿನ ಹತ್ತಿರ ಓಡಿದೆ. ಆಚೆ ತುದಿ ಈಗ ಹತ್ತು, ನೂರು, ಸಾವಿರ ಮೂರನ್ನೂ ಸಾರುತ್ತಿತ್ತು. ಸಾವಿರದಲ್ಲಿ ಮಾತು ನಡೆದಿತ್ತು. ಕೈಯಲ್ಲಿದ್ದ ರೊಟ್ಟಿ ಹಾಗೇ ಇತ್ತು. ಇನ್ನೊಂದಿಷ್ಟು ಹೊತ್ತು ಹೋಯಿತು. ದೀಪ ಮತ್ತೆ ಆರಿ ಹಳದಿಯಾಗಿ ಹತ್ತಿತು. ಮತ್ತೆ ಹತ್ತು ಮಾತ್ರ.

ಆಗ ನನಗೆ ಅರ್ಥವಾಯಿತು. ಅರ್ಥವಾಗಿದ್ದರಿಂದಲೇ ಮೈ ಜುಮ್ಮೆಂದಿತು. ಕೆಲವು ಕಂಪ್ಯೂಟರುಗಳನ್ನು ಆರಿಸಿದರೂ ಅವುಗಳ ನೆಟ್‌ವರ್ಕ್ ಕಾರ್ಡು ಪೂರ್ತಿ ಸಾಯುವುದಿಲ್ಲ. ದೂರದಿಂದ ಯಾರಾದರೂ ಎಬ್ಬಿಸಿದರೆ ಏಳಬೇಕು ಅಂತ ಒಂದು ಕಿವಿ ತೆರೆದುಕೊಂಡೇ ಇರುತ್ತದೆ. ಕಂಪ್ಯೂಟರು ಮಲಗುವ ಮುಂಚೆ ಡ್ರೈವರ್, ಕರೆಂಟು ಉಳಿಯಲಿ ಅಂತ ದೊಡ್ಡ ವೇಗಗಳನ್ನು ಮುಚ್ಚಿಟ್ಟು ಸಣ್ಣದನ್ನು ಮಾತ್ರ ಸಾರುತ್ತದೆ. ಹತ್ತು ಮಾತ್ರ ಬಲ್ಲ ಹಳೆಯ ಯಂತ್ರ ಅಲ್ಲ ಅದು. ಮಲಗಿದ್ದ ಯಂತ್ರ. ಅದನ್ನು ಈಗ ಯಾರೋ ಎಬ್ಬಿಸಿದ್ದರು. ಅದು ಎದ್ದು, ಏನೋ ಮಾಡಿ, ಮತ್ತೆ ಮಲಗಿತ್ತು.

ಯಾರೂ ಇಲ್ಲದ ಗಣಿಯಲ್ಲಿ.

ತಂತಿ ಹಿಡಿದು ಹೊರಟೆವು. ಅದು ಆಫೀಸಿನ ಗೋಡೆ ದಾಟಿ, ಪೈಪಿನೊಳಗೆ ಸೇರಿ, ಅಂಗಳದ ಆಚೆ ಬದಿಗೆ ಹೋಗಿತ್ತು. ಅಲ್ಲಿ ಅದಿರು ತೆಗೆದು ಉಳಿದ ಕಲ್ಲುಮಣ್ಣನ್ನು ಸುರಿದು ಸುರಿದು ಗುಡ್ಡದಷ್ಟು ಎತ್ತರ ಮಾಡಿದ್ದ ರಾಶಿ. ಎಲ್ಲರೂ ಅದನ್ನು ಡಂಪು ಅನ್ನುತ್ತಿದ್ದರು. ಅದರ ಬುಡದಲ್ಲಿ ಲೈನ್ ಮನೆಗಳು, ಅಂದರೆ ಕೂಲಿಯವರಿಗೆ ಕಟ್ಟಿದ್ದ ಸಾಲು ಮನೆಗಳು. ವಾಚ್‌ಮನ್‌ನ ಸಂಸಾರ, ಇನ್ನು ಕೆಲವು ಸಂಸಾರ ಅಲ್ಲಿದ್ದವು. ಸಾಲಿನ ಕೊನೆಗೆ, ಸ್ವಲ್ಪ ಬೇರೆಯಾಗಿ, ಕಬ್ಬಿಣದ ಬಾಗಿಲಿನ ಒಂದು ಒಂಟಿ ಕೋಣೆ. ತಂತಿ ಅದರ ಗೋಡೆಯೊಳಗೆ ಹೋಗಿತ್ತು.

ವಾಚ್‌ಮನ್ ದೂರದಲ್ಲೇ ನಿಂತ. "ಅಲ್ಲಿ ಬ್ಯಾಡ್ರಿ ಮೇಡಂ. ದರೋಜಿ ಕರಡಿಧಾಮದಿಂದ ಕರಡಿ ಬಂದು ಹೊಕ್ಕೊಂಡೈತಿ ಅಂತಾರ. ಮಧ್ಯಾಹ್ನ ಗುರುಗುಟ್ಟತೈತಿ."

"ಬೀಗ ಹಾಕಿದ ಕ್ವಾಣಿಯೊಳಗ ಕರಡಿ ಹೆಂಗ ಹೊಕ್ಕತೈತಿ?" ಅಂದರು ಚಾಚಾ. ಅಂದರೇ ಹೊರತು ಅವರೂ ಮುಂದೆ ಹೆಜ್ಜೆ ಇಡಲಿಲ್ಲ.

ಬೀಗ ತುಕ್ಕು ಹಿಡಿದು ಚಿಲಕದ ಜೊತೆ ಒಂದಾಗಿತ್ತು. ಮೇಲೆ ಸಜ್ಜಾ ಇದ್ದದ್ದರಿಂದ ಹೊಸ್ತಿಲ ಮುಂದಿನ ಧೂಳು ಒಣಗಿಯೇ ಇತ್ತು. ನುಣ್ಣಗೆ, ಕುಂಕುಮ ಸೋಸಿದ ಹಾಗೆ. ಅದರ ಮೇಲೆ ಒಂದು ಹೆಜ್ಜೆ ಗುರುತಿರಲಿಲ್ಲ. ಮನುಷ್ಯರದೂ ಇಲ್ಲ, ಕರಡಿಯದೂ ಇಲ್ಲ. ಕಿಟಕಿಯ ಗಾಜಿನ ಮೇಲೆ ಕೆಂಪು ಪೊರೆ. ಒಳಗೆ ಏನೂ ಕಾಣಲಿಲ್ಲ.

ಮರುದಿನವೂ ಬಿಸಿಲಿತ್ತು. ಹೊತ್ತು ನೆತ್ತಿಗೆ ಬರುವ ಮುಂಚೆಯೇ ನಾವು ಆ ಕಿಟಕಿಯ ಹತ್ತಿರ ನಿಂತೆವು. ವಾಚ್‌ಮನ್‌ನ ಹೆಂಡತಿ ಕೊಡ ಹಿಡಿದು ಬಂದವಳು ನಮ್ಮನ್ನು ನೋಡಿ ನಿಂತಳು. ಗಂಡನ ಹಾಗೆ ಅವಳಿಗೆ ಹೆದರಿಕೆ ಇದ್ದ ಹಾಗೆ ಕಾಣಲಿಲ್ಲ.

"ಕೇಳಾಕ ಬಂದೀರೇನ್ರಿ? ಇನ್ನೇನು ಸುರುವಾಗತೈತಿ ನೋಡ್ರಿ."

"ಮೊದ್ಲಿಂದ ಹಿಂಗ ಐತೇನಕ್ಕ?"

"ಇಲ್ರಿ. ಈ ಮಳಿ ಹಿಡಿದ ಮ್ಯಾಲ. ಮೋಡ ಇದ್ದ ದಿನ ಸುಮ್ನಿರತೈತಿ. ಬಿಸಿಲು ಬಿದ್ರ ಏಳತೈತಿ."

ಅವಳು ಹಾಗನ್ನುತ್ತಿದ್ದಂತೆಯೇ ಗೋಡೆಯ ಒಳಗಿನಿಂದ ಗುರ್ ಅನ್ನುವ ಸದ್ದು ಎದ್ದಿತು. ಮೊದಲು ಒರಟಾಗಿ, ಎಷ್ಟೋ ದಿನದ ಧೂಳನ್ನು ಗಂಟಲಿನಿಂದ ಕೆಮ್ಮಿ ತೆಗೆಯುವ ಹಾಗೆ. ಆಮೇಲೆ ಒಂದೇ ಸಮನೆ. ಕಂಪ್ಯೂಟರಿನ ಫ್ಯಾನು. ನಾನು ಗಾಜಿನ ಮೇಲಿನ ಪೊರೆಯನ್ನು ಹೆಬ್ಬೆರಳಿನಿಂದ ಒರೆಸಿ ಕಣ್ಣು ಹಚ್ಚಿದೆ. ಕತ್ತಲಲ್ಲಿ ಒಂದು ಪರದೆ ನೀಲಿಯಾಗಿ ಬೆಳಗಿತು. ಅದರ ಬೆಳಕು ಒಂದು ಖಾಲಿ ಕುರ್ಚಿಯ ಮೇಲೆ ಬಿತ್ತು. ಕುರ್ಚಿಯ ಬೆನ್ನಿಗೆ ಯಾರದೋ ಹಳೆಯ ಟವೆಲ್ಲು. ಪರದೆಯ ಮೇಲೆ ಅಕ್ಷರಗಳು ಒಂದೊಂದೇ ಸಾಲು ಮೇಲೇರಿದವು. ಓದಲು ಆಗಲಿಲ್ಲ. ಕೊನೆಗೊಂದು ಕೆಂಪು ಚೌಕ ಮೂಡಿ, ಆರಿ, ಮೂಡಿ, ಆರಿ, ಹಾಗೇ ಮಿನುಗುತ್ತಿತ್ತು. ಆ ಖಾಲಿ ಕುರ್ಚಿಗೆ ಏನೋ ಹೇಳುತ್ತಿದ್ದ ಹಾಗೆ. ಆಮೇಲೆ ಪರದೆ ಕಪ್ಪಾಯಿತು. ಫ್ಯಾನು ನಿಂತಿತು.

ಚಾಚಾ ನನ್ನ ಹಿಂದೆ ಮೆಲ್ಲಗೆ ದುವಾ ಓದುತ್ತಿದ್ದರು.

ಹೊಸ ಮಾಲೀಕರ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ.

"ಹಳೇ ಕಂಪ್ಯೂಟರ್ ಇರ್ಬೇಕು ಬಿಡ್ರಿ. ನೀವು ಹೊಸ ಸ್ವಿಚ್ ಹಾಕಿ ಹೋಗ್ರಿ. ಜಲ್ದಿ ಮುಗಸ್ರಿ."

ಹೊಸ ಸ್ವಿಚ್ಚು ವ್ಯಾನಿನಲ್ಲೇ ಇತ್ತು. ಅದರ ವೇಗ ದೊಡ್ಡದು. ಈಗಿನ ಇಂಥ ಎಷ್ಟೋ ಪೆಟ್ಟಿಗೆಗಳು ನೂರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಇದೂ ಹಾಗೆಯೇ. ಹತ್ತು ಅನ್ನುವುದು ಅದರ ಪರಿಚಯದ ಮಾತಿನಲ್ಲೇ ಇರಲಿಲ್ಲ. ಅದನ್ನು ಹಾಕಿದರೆ ಮಲಗಿರುವ ಈ ಯಂತ್ರ ಹತ್ತು ಹತ್ತು ಅಂತ ಸಾರುತ್ತಲೇ ಇರುತ್ತದೆ, ಸ್ವಿಚ್ಚಿಗೆ ಕೇಳಿಸುವುದಿಲ್ಲ. ಇಬ್ಬರಿಗೂ ಬರುವ ಮಾತೇ ಇಲ್ಲದೆ ದೀಪ ಆರುತ್ತದೆ. ಆಮೇಲೆ ಅದನ್ನು ಎಬ್ಬಿಸುವ ಕರೆಯೂ ಮುಟ್ಟುವುದಿಲ್ಲ. ಸದ್ದು ನಿಲ್ಲುತ್ತದೆ. ಲೈನ್ ಮನೆಯವರೂ ಕರಡಿ ಹೋಯಿತು ಅಂತ ನೆಮ್ಮದಿಯಾಗಿರುತ್ತಾರೆ.

ಚಾಚಾ ಡಬ್ಬಿ ಬಿಚ್ಚಲು ಕತ್ತರಿ ಹಿಡಿದಿದ್ದರು. "ಬ್ಯಾಡ ಚಾಚಾ" ಅಂದೆ. "ಇದನ್ನ ಯಾರು ಎಬ್ಬಸಾಕತ್ತಾರ ಅಂತ ಗೊತ್ತಾಗೋಮಟ ಹಳೇದು ತಗಿಯೋದು ಬ್ಯಾಡ."

ಅವರು ಕತ್ತರಿಯನ್ನು ಜೇಬಿಗೆ ಹಾಕಿಕೊಂಡರು. ಅವರಿಗೂ ಅದೇ ಬೇಕಿತ್ತು ಅನ್ನಿಸಿತು.

ಆ ಕೋಣೆಗೆ ಬೀಗ ಹಾಕಿದವರು ಯಾರು ಅಂತ ವಾಚ್‌ಮನ್‌ನನ್ನು ಕೇಳಿದೆ. ಗಣಿ ನಡೆಯುತ್ತಿದ್ದಾಗ ಅಳತೆಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಒಬ್ಬರಿದ್ದರು, ಈಗ ರಿಟೈರಾಗಿ ಕಮಲಾಪುರದಲ್ಲಿ ಬಾಳೆ ತೋಟ ಮಾಡಿಕೊಂಡಿದ್ದಾರೆ ಅಂದ. ಆಗಲೇ ವ್ಯಾನು ಹತ್ತಿದೆವು.

ಅವರು ತೋಟದಲ್ಲಿ ಕಾಲುವೆಯ ನೀರು ತಿರುಗಿಸುತ್ತಿದ್ದರು. ಮೊಣಕಾಲವರೆಗೆ ಕೆಸರು. ಗಣಿಯ ಹೆಸರು ಕೇಳಿ ಮುಖ ಅರಳಿತು. "ಬರ್ರಿ, ಕುಂದ್ರಿ. ಮತ್ತ ತೆರಿತಾರಂತಲ್ಲ?" ಅಂತ ಕಟ್ಟೆಯ ಮೇಲೆ ಟವೆಲ್ಲು ಕೊಡವಿ ಹಾಸಿದರು. ನಾನು ಕೋಣೆಯ ವಿಷಯ ಹೇಳತೊಡಗಿದೆ. ದೀಪ, ಹತ್ತು, ಬಿಸಿಲಿನ ಹೊತ್ತಿಗೆ ಏಳುವುದು, ಕೆಂಪು ಚೌಕ.

ಅವರ ಕೈಯಲ್ಲಿದ್ದ ಸಲಿಕೆ ನೆಲಕ್ಕೆ ಬಿತ್ತು.

"ಅದು ಎದ್ದೈತೇನು?"

"ದಿನಾ ಏಳತೈತಿ ಸರ್. ಬಿಸಿಲಿದ್ದ ದಿನ."

"ಲೈನ್ ಮನ್ಯಾಗ ಇನ್ನಾ ಮಂದಿ ಅದಾರೇನು?"

"ಅದಾರ."

ಅವರು ಕೆಸರು ತೊಳೆದುಕೊಳ್ಳಲೂ ಇಲ್ಲ. ಚಪ್ಪಲಿಗೆ ಕಾಲು ತೂರಿಸುತ್ತಲೇ, "ನಡೀರಿ. ದಾರ್ಯಾಗ ಹೇಳ್ತೀನಿ" ಅಂದರು.

ವ್ಯಾನಿನಲ್ಲಿ ಅವರು ಹೇಳಿದ್ದು ಇಷ್ಟು. ಡಂಪಿನ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಉಕ್ಕಿನ ತಂತಿ ಬಿಗಿದು, ಅದನ್ನು ಒಂದು ಅಳತೆಯ ಪೆಟ್ಟಿಗೆಗೆ ಕಟ್ಟಿದ್ದರು. ಡಂಪು ಬಿರುಕು ಬಿಟ್ಟು ಸರಿದರೆ ತಂತಿ ಎಳೆಯುತ್ತದೆ. ಎಳೆತ ಒಂದು ಮಿತಿ ದಾಟಿದರೆ ಪೆಟ್ಟಿಗೆ ರೇಡಿಯೋ ಮೂಲಕ ಆಫೀಸಿನ ಆಂಟೆನಾಗೆ ಹೇಳುತ್ತದೆ. ಅಲ್ಲಿಂದ ನಮ್ಮ ಹಳೆಯ ಸ್ವಿಚ್ಚಿನ ದಾರಿಯಲ್ಲೇ ಕೋಣೆಯ ಕಂಪ್ಯೂಟರಿಗೆ, ಏಳು, ಅನ್ನುವ ಕರೆ ಹೋಗುತ್ತದೆ. ಆಗ ಕರೆಂಟು ಬಹಳ ಹೋಗುತ್ತಿತ್ತು. ಬ್ಯಾಟರಿ ಉಳಿಯಲಿ ಅಂತ ಕಂಪ್ಯೂಟರನ್ನು ಮಲಗಿಸಿಟ್ಟಿದ್ದರು. ಎದ್ದರೆ ಅದರ ಕೆಲಸ ಎರಡೇ. ಲೈನ್ ಮನೆಗಳ ಮೇಲಿನ ಸೈರನ್ ಹೊಡೆಯಬೇಕು. ಲ್ಯಾಂಡ್‌ಲೈನಿನಲ್ಲಿ ಇವರ ಮನೆಗೆ ಫೋನ್ ಮಾಡಬೇಕು.

"ಸೈರನ್ ಎಲ್ಲೈತಿ ಸರ್? ನಾವು ನೋಡಲಿಲ್ಲ."

"ಗುಜರಿಗೆ ಹೋಗಿರ್ಬೇಕು. ಫೋನೂ ಕಟ್ ಆಗೈತಿ. ಕಂಪ್ಯೂಟರು ದಿನಾ ಎದ್ದು ಒದರೈತಿ. ಯಾರೂ ಕೇಳಿಲ್ಲ. ಕೊಟ್ಟ ಕೆಲಸ ಮುಗೀತು ಅಂತ ಮತ್ತ ಮಲಗೈತಿ."

"ಬಿಸಿಲಿಗೇ ಯಾಕ ಏಳತೈತಿ?"

"ಮ್ಯಾಲಿನ ಪೆಟ್ಟಿಗಿ ಸೋಲಾರ್ ಮ್ಯಾಲ ನಡೀತೈತಿ. ಅದರ ಬ್ಯಾಟರಿ ಸತ್ತಿರ್ಬೇಕು. ಬಿಸಿಲು ಚುರುಕಾದಾಗ ಅಷ್ಟ ಅದಕ್ಕ ಜೀವ. ಮೋಡ ಇದ್ದ ದಿನ ಅದು ಸುಮ್ನಿದ್ರ, ಡಂಪು ಸುಮ್ನೈತಿ ಅಂತಲ್ಲ."

ನಾವು ಮುಟ್ಟುವಾಗ ಬಿಸಿಲು ಇಳಿದಿತ್ತು. ಚಾಚಾ ಬೀಗಕ್ಕೆ ಕಲ್ಲು ಹಾಕಿ ಒಡೆದರು. ಕಬ್ಬಿಣದ ಬಾಗಿಲು ಕಿರುಗುಟ್ಟುತ್ತಾ ತೆರೆದು, ಒಳಗಿನ ಹಳೆಯ ಗಾಳಿ ಮುಖಕ್ಕೆ ಬಂತು. ಯಂತ್ರ ಮಲಗಿತ್ತು. ಇಂಜಿನಿಯರು ಅದರ ಗುಂಡಿ ಒತ್ತಿದರು. ಗುಂಡಿ ತುಕ್ಕು ಹಿಡಿದು ಒಳಗೇ ಕೂತುಬಿಟ್ಟಿತ್ತು.

"ನಾ ಎಬ್ಬಸ್ತೀನಿ ಸರ್" ಅಂದೆ.

ಆಫೀಸಿಗೆ ಓಡಿ ಸ್ವಿಚ್ಚಿಗೆ ಲ್ಯಾಪ್‌ಟಾಪು ಸಿಕ್ಕಿಸಿ ಆ ಯಂತ್ರಕ್ಕೆ ಏಳುವ ಕರೆ ಕಳಿಸಿದೆ. ಹಳದಿ ದೀಪ ಆರಿತು. ಹಸಿರಾಯಿತು. ಸಾವಿರ. ಅಂಗಳದ ಆಚೆಯಿಂದ ಚಾಚಾ, "ಎದ್ದತು, ಎದ್ದತು!" ಅಂತ ಕೂಗಿದ್ದು ಕೇಳಿಸಿತು. ಎಷ್ಟೋ ವರ್ಷ ಕೋಣೆಯಲ್ಲಿ ಒಂಟಿಯಾಗಿದ್ದದ್ದನ್ನು ನಾನೇ ಕರೆದು ಎಬ್ಬಿಸಿದೆ ಅನ್ನಿಸಿತು.

ನಾನು ವಾಪಸ್ ಹೋದಾಗ ಇಂಜಿನಿಯರು ಆ ಕುರ್ಚಿಯಲ್ಲಿ ಕೂತಿದ್ದರು. ಅವರದೇ ಟವೆಲ್ಲು ಅವರ ಬೆನ್ನ ಹಿಂದೆ. ಪರದೆಯ ಮೇಲೆ ಉಕ್ಕಿನ ತಂತಿಯ ಎಳೆತ ತೋರಿಸುವ ಒಂದು ಗೆರೆ ನೆಲಕ್ಕೆ ಅಂಟಿ ಬಹಳ ದೂರ ಬಂದು, ಕೊನೆಗೆ ಗೋಡೆ ಹತ್ತಿದ ಹಾಗೆ ನೆಟ್ಟಗೆ ಎದ್ದಿತ್ತು. ಅವರು ಎದ್ದು ಡಂಪು ಹತ್ತತೊಡಗಿದರು. ಚಾಚಾ, ನಾನು ಹಿಂದೆ ಹೋದೆವು.

ನೆತ್ತಿಯ ಮೇಲೆ ಮುಳ್ಳುಗಿಡ, ಹುಲ್ಲು. ಹುಲ್ಲಿನ ನಡುವೆ ಒಂದು ಸೀಳು. ಅಗಲ ಅಷ್ಟೇನಿರಲಿಲ್ಲ, ಆದರೆ ಎರಡೂ ಕಡೆ ಕಣ್ಣು ಹಾಯುವವರೆಗೆ ಹೋಗಿತ್ತು. ಇಂಜಿನಿಯರು ಬೋರಲು ಮಲಗಿ ಅದರೊಳಗೆ ಕೈ ಇಳಿಬಿಟ್ಟರು. ಭುಜದವರೆಗೆ ಹೋಯಿತು.

"ಇಲ್ಲಿ ಕೈ ಹಿಡೀಮ್ಮ."

ನಾನು ಕೈ ಒಡ್ಡಿದೆ. ಸೀಳಿನೊಳಗಿನಿಂದ ತಣ್ಣಗೆ ಗಾಳಿ ಬರುತ್ತಿತ್ತು. ಎಲ್ಲೋ ಕೆಳಗೆ ಸಣ್ಣ ಕಲ್ಲು ಉರುಳುವ ಸದ್ದು. ಯಾರೂ ಮುಟ್ಟದೆಯೇ ಅದು ಉರುಳುತ್ತಿತ್ತು. ಸೀಳಿನ ಆಚೆ, ನೇರ ಕೆಳಗೆ, ಲೈನ್ ಮನೆಗಳ ಸಿಮೆಂಟ್ ಶೀಟುಗಳು. ಒಲೆಯ ಹೊಗೆ ಏಳುತ್ತಿತ್ತು.

ಇಳಿದು ಬಂದು ಎಲ್ಲರನ್ನೂ ಕರೆದೆವು. ಇಂಜಿನಿಯರು ವಿಷಯ ಹೇಳಿದರು. ಮಂದಿ ಡಂಪಿನ ಕಡೆ ನೋಡಿದರು, ಅವರ ಕಡೆ ನೋಡಿದರು. ಒಬ್ಬ ಮುದುಕ, "ನಾ ಬಂದಾಗಿಂದ ಅದು ಅಲ್ಲೇ ಐತಿ. ಇವತ್ತ ಎಲ್ಲಿಗೆ ಹೋಕ್ಕತೈತಿ?" ಅಂದ. ಇನ್ನೊಬ್ಬ, "ಮನಿ ಖಾಲಿ ಮಾಡಿಸಾಕ ಹೊಸ ಮಾಲಕರು ಆಟ ಹೂಡ್ಯಾರ" ಅಂದ. ಮಾತು ಏರತೊಡಗಿತು. ನನ್ನ ಫೋನಿನಲ್ಲಿ ಮ್ಯಾನೇಜರು, ಯಾರನ್ನ ಕೇಳಿ ಬೀಗ ಒಡೆದಿರಿ ಅಂತ ಕೂಗಾಡುತ್ತಿದ್ದರು. ಇಂಜಿನಿಯರು ಫೋನ್ ಇಸಿದುಕೊಂಡು, "ಒಡದಾಂವ ನಾನು. ಇಲ್ಲಿ ಒಂದು ಹೆಣ ಬಿದ್ರ ಅದಕ್ಕ ಜವಾಬ್ದಾರ ನೀವು. ಯಾವ್ದು ಬೇಕು ನೋಡ್ರಿ" ಅಂತ ಹೇಳಿ ಇಟ್ಟರು.

ಗಲಾಟೆಯ ನಡುವೆ ವಾಚ್‌ಮನ್‌ನ ಹೆಂಡತಿ ನನ್ನ ಹತ್ತಿರ ಬಂದಳು. "ಯಕ್ಕಾ, ಗುರುಗುಟ್ಟೋದು ಕರಡಿ ಅಲ್ಲ?"

"ಅಲ್ಲಕ್ಕ. ಡಂಪು ಸರಿಯಾಕತ್ತೈತಿ ಅಂತ ನಿಮಗ ಹೇಳಾಕ ಇಟ್ಟ ಮಿಷನ್ನು."

"ನಮ್ಮನ್ನ ಕರ್ಯಾಕತ್ತಿತ್ತೇನು?"

"ಹ್ಞೂ."

ಅವಳು ಮನೆಯೊಳಗೆ ಹೋದಳು. ಒಲೆಗೆ ನೀರು ಹಾಕಿದ ಚುಂಯ್ ಸದ್ದು ಕೇಳಿಸಿತು. ಹಾಸಿಗೆ ಸುತ್ತಿ ತಲೆಯ ಮೇಲಿಟ್ಟು, ಮಗಳ ಕೈ ಹಿಡಿದು ಹೊರಗೆ ಬಂದು ಗೇಟಿನ ಕಡೆ ನಡೆದಳು. ಗಂಡ, "ಲೇ, ನಿಂದ್ರಲೇ" ಅಂದ. ಅವಳು ತಿರುಗಲಿಲ್ಲ. ಅವಳ ಹಿಂದೆ ಇನ್ನೊಬ್ಬ ಹೆಂಗಸು ಹೊರಟಳು. ಆಮೇಲೆ ಮುದುಕನ ಸೊಸೆ. ಗಂಡಸರು ವಾದ ಮಾಡುತ್ತಾ ಮಾಡುತ್ತಾ ಕೊನೆಗೆ ಪೆಟ್ಟಿಗೆ ಹೊತ್ತರು. ಚಾಚಾ ವ್ಯಾನಿನಲ್ಲಿ ಮುದುಕರನ್ನೂ ಮಕ್ಕಳನ್ನೂ ಯಶವಂತನಗರದ ಸಮುದಾಯ ಭವನಕ್ಕೆ ಸಾಗಿಸಿದರು.

ಆಮೇಲಿನ ದಿನಗಳು ಕಷ್ಟದವು. ಮೋಡ ಮುಚ್ಚಿಕೊಂಡು ಕೂತಿತು. ನಾನೂ ಇಂಜಿನಿಯರೂ ಬೆಳಿಗ್ಗೆ ಆಫೀಸಿಗೆ ಬಂದು ಸ್ವಿಚ್ಚಿನ ಮುಂದೆ ಕೂರುತ್ತಿದ್ದೆವು. ಆಫೀಸು ಅಂಗಳದ ಈಚೆಯ ದಿಬ್ಬದ ಮೇಲಿದ್ದುದರಿಂದ ಅಲ್ಲಿಗೆ ಭಯವಿಲ್ಲ ಅಂದಿದ್ದರು. ಹಳದಿ ದೀಪ ಹಾಗೇ ಇತ್ತು. ಹತ್ತು. ಬರೀ ಹತ್ತು. ಭವನದಲ್ಲಿ ಮಂದಿ ಬೇಸತ್ತರು. ಏನೂ ಆಗಲಿಲ್ಲವಲ್ಲ, ನಮ್ಮ ಮನೆಗೆ ನಾವು ಹೋಗುತ್ತೇವೆ ಅನ್ನತೊಡಗಿದರು. ಹೋಗಿ ಕೋಳಿ ಹಿಡಿದುಕೊಂಡು ಬಂದವರೂ ಇದ್ದರು. ಮ್ಯಾನೇಜರು ನಮ್ಮ ಕಂಪನಿಯ ಮಾಲೀಕರಿಗೆ ದೂರು ಕೊಟ್ಟರು. ಅವರು ನನಗೆ, "ಏನಮ್ಮಾ ಇದು?" ಅಂತ ಕೇಳಿದರೇ ಹೊರತು ವಾಪಸ್ ಬಾ ಅನ್ನಲಿಲ್ಲ. ನನಗೇ ಒಮ್ಮೊಮ್ಮೆ, ಏನೂ ಆಗದಿದ್ದರೆ ಈ ಮಂದಿಗೆ ಮುಖ ಹೇಗೆ ತೋರಿಸಲಿ ಅನ್ನಿಸುತ್ತಿತ್ತು. ಮರುಕ್ಷಣ, ಆಗಲಿ ಅಂತ ಬಯಸುತ್ತಿದ್ದೇನೆಯೇ ಅಂತ ಹೆದರಿಕೆಯಾಗುತ್ತಿತ್ತು.

ಒಂದು ದಿನ ಮೋಡ ಹರಿದು ಬಿಸಿಲು ಬಂತು. ಮಳೆ ತೊಳೆದ ಗುಡ್ಡಗಳು ಹತ್ತಿರ ಸರಿದು ನಿಂತ ಹಾಗೆ ಕಾಣುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ದೀಪ ಹಸಿರಾಯಿತು. ಸಾವಿರ. ಮತ್ತೆ ಮಲಗುತ್ತದೆ ಅಂತ ಕಾದೆವು. ಅದು ಮಲಗಲಿಲ್ಲ. ಮೇಲಿನ ಪೆಟ್ಟಿಗೆಯಿಂದ ಏಳು ಅನ್ನುವ ಕರೆಯ ಮೇಲೆ ಕರೆ ಬರುತ್ತಿತ್ತು. ಸ್ವಿಚ್ಚಿನಲ್ಲಿ ಆಂಟೆನಾದ್ದು, ಕೋಣೆಯದು, ಎರಡೂ ದೀಪ ಮಿನುಗುತ್ತಲೇ ಇದ್ದವು.

"ತಂತಿ ಎಳೀತೈತಿ" ಅಂದರು ಇಂಜಿನಿಯರು.

ಕಿಟಕಿಗೆ ಹೋದೆವು. ಲೈನ್ ಮನೆಗಳು ಖಾಲಿ. ಒಂದು ನಾಯಿ ಮಾತ್ರ ಅಂಗಳದ ನಡುವೆ ನಿಂತು ಡಂಪಿನ ಕಡೆ ಮುಖ ಮಾಡಿತ್ತು. ಬೊಗಳುತ್ತಿರಲಿಲ್ಲ. ಏಕಾಏಕಿ ತಿರುಗಿ ಗೇಟಿನ ಕಡೆ ಓಡಿತು. ಆಮೇಲೆ ನಾನು ನೋಡಿದ್ದನ್ನು ಹೇಗೆ ಹೇಳಬೇಕೋ ಗೊತ್ತಿಲ್ಲ. ಡಂಪಿನ ನೆತ್ತಿಯ ಮುಳ್ಳುಗಿಡಗಳು ನಿಂತ ಹಾಗೇ ನಿಂತು ಕೆಳಗೆ ಇಳಿಯತೊಡಗಿದವು. ಯಾವ ಆತುರವೂ ಇರಲಿಲ್ಲ. ಸದ್ದು ಆಮೇಲೆ ಬಂತು. ಲಾರಿ ಮಣ್ಣು ಸುರಿಯುವ ಸದ್ದು, ಆದರೆ ಮುಗಿಯುತ್ತಲೇ ಇಲ್ಲ. ಸಿಮೆಂಟ್ ಶೀಟುಗಳು ಹಪ್ಪಳದ ಹಾಗೆ ಮುರಿದವು. ಒಂಟಿ ಕೋಣೆ ಸ್ವಲ್ಪ ಹೊತ್ತು ತಡೆದುಕೊಂಡ ಹಾಗಿತ್ತು. ಆಮೇಲೆ ಅದೂ ಕಾಣಲಿಲ್ಲ.

ನೆಲ ನಡುಗುವುದು ನಿಂತಾಗ ನಾನು ಬೀರುವಿನ ಕಡೆ ತಿರುಗಿದೆ. ಆ ತೂತಿನ ದೀಪ ಆರಿತ್ತು. ಲ್ಯಾಪ್‌ಟಾಪಿನಲ್ಲಿ ಆಚೆ ತುದಿ ಏನನ್ನೂ ಸಾರುತ್ತಿರಲಿಲ್ಲ. ಇಂಜಿನಿಯರು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಿದ್ದರು. ಗಂಡಸರು ಹಾಗೆ ಅಳುವುದನ್ನು ನಾನು ಹೆಚ್ಚು ನೋಡಿಲ್ಲ.

ಭವನದಿಂದ ಮಂದಿ ಓಡಿ ಬಂದರು. ಗೇಟಿನ ಹತ್ತಿರವೇ ಎಲ್ಲರೂ ನಿಂತುಬಿಟ್ಟರು. ಅವರ ಮನೆಗಳಿದ್ದ ಜಾಗದಲ್ಲಿ ಹಸಿ ಕೆಂಪು ಮಣ್ಣು, ಅದರ ಮೇಲೆ ಆವಿ. ಯಾರೂ ಗೋಳಾಡಲಿಲ್ಲ. ತಾಯಂದಿರು ತಮ್ಮ ತಮ್ಮ ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದರು. ಮಕ್ಕಳು ಪಕ್ಕದಲ್ಲೇ ನಿಂತು ಓಗೊಡುತ್ತಿದ್ದರೂ ಮತ್ತೆ ಮತ್ತೆ ಕರೆಯುತ್ತಿದ್ದರು. ಮನೆಯ ಸಾಮಾನು ಹೋಯಿತು. ಜೀವ ಒಂದೂ ಹೋಗಲಿಲ್ಲ.

ಗಣಿ ತೆರೆಯುವುದು ಮುಂದಕ್ಕೆ ಹೋಯಿತು. ಆ ಸಂಸಾರಗಳಿಗೆ ಯಶವಂತನಗರದ ಬಯಲಿನ ಕಡೆ, ಯಾವ ಗುಡ್ಡದ ನೆರಳೂ ಬೀಳದ ಕಡೆ ಮನೆ ಕಟ್ಟಿಕೊಟ್ಟರು. ಮ್ಯಾನೇಜರು ಇಂಜಿನಿಯರನ್ನು ಮತ್ತೆ ಕೆಲಸಕ್ಕೆ ಕರೆದರು. ಉಳಿದ ಡಂಪುಗಳಿಗೆಲ್ಲ ಹೊಸ ಅಳತೆಯ ಯಂತ್ರ ಕೂರಿಸುವಾಗ ತಂತಿ ಎಳೆದದ್ದು ನಾನೂ ಚಾಚಾನೂ. ಮೊದಲು ಸೈರನ್, ಆಮೇಲೆ ಉಳಿದದ್ದು ಅಂತ ಇಂಜಿನಿಯರು ಹಟ ಹಿಡಿದು ಮಾಡಿಸಿದರು.

ಆ ಕೆಲಸದ ಕೊನೆಯ ದಿನ ವಾಚ್‌ಮನ್‌ನ ಹೆಂಡತಿ ಕುಸಿದ ಮಣ್ಣಿನ ಅಂಚಿನಲ್ಲಿ ಕಂಡಳು. ಮುತ್ತುಗದ ಎಲೆಯ ಮೇಲೆ ಮೊಸರನ್ನ ಇಟ್ಟು, ಊದಿನಕಡ್ಡಿ ಸಿಕ್ಕಿಸುತ್ತಿದ್ದಳು. ಒಂಟಿ ಕೋಣೆ ಇದ್ದದ್ದು ಸರಿಸುಮಾರು ಅಲ್ಲೇ.

"ಯಾರಿಗಕ್ಕ ಇದು?" ಅಂದೆ, ಗೊತ್ತಿದ್ದೂ.

"ಅದಕ್ಕ. ಒಳಗ ಉಳಕೊಂತಲ್ಲ."

ಅದು ಒಂದು ಕಾರ್ಡು, ಒಂದು ಚಿಪ್ಪು, ಒಂದು ಸಣ್ಣ ಪ್ರೋಗ್ರಾಮು ಅಂತ ನಾನು ಹೇಳಬಹುದಿತ್ತು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಗಾಳಿಗೆ ಕಡ್ಡಿ ಆರಿತು. ನಾನು ಚಪ್ಪಲಿ ಕಳಚಿ ಹತ್ತಿರ ಹೋಗಿ, ಅದನ್ನು ಮತ್ತೆ ಹಚ್ಚಿದೆ.